ರೈಟರು ಟಾರ್ಕ್ ವ್ರೆಂಚ್ ಆರಿಸಿದ ಮಳೆಗಾಲ

ನಮ್ಮ ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಜಯಕುಮಾರ್ ಅವರನ್ನ ನಾನು ಮೊದಲು ಕಂಡಿದ್ದು ಒಂದು ಸೋಮವಾರ, ಬೆಳಿಗ್ಗೆ ಹತ್ತೂವರೆಗೆ. ಹಾನುಬಾಳಲ್ಲಿ ಬಸ್ ಇಳಿದು ನಮ್ಮ ಎಸ್ಟೇಟಿಗೆ ನಡೆದುಕೊಂಡು ಬಂದಿದ್ದರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಕೊಡೆ. ಆಗ ಅವರಿಗೆ ಇಪ್ಪತ್ತಾರು ವಯಸ್ಸು, ಮದುವೆ ಆಗಿರಲಿಲ್ಲ. ಊರು ಪಾಳ್ಯದ ಕಡೆ. ರೈಟರಿಗೆ ಅಂತ ಎರಡು ಕ್ವಾರ್ಟರ್ಸ್ ಖಾಲಿ ಇದ್ದವು. ಒಂದೇ ಮೇಸ್ತ್ರಿ ಒಂದೇ ವರ್ಷ ಕಟ್ಟಿದ್ದು, ಎರಡಕ್ಕೂ ನಡುವೆ ಒಂದೇ ಗೋಡೆ. "ಯಾವುದು ಬೇಕೋ ಅದರಲ್ಲಿ ಇರಿ" ಅಂತ ಹೇಳಿ ಸಾಹುಕಾರರು ಸಕಲೇಶಪುರಕ್ಕೆ ಹೋದರು. ಅಲ್ಲೇ ಎಡವಟ್ಟಾಗಿದ್ದು.

ರೈಟರು ನನ್ನನ್ನ ಕರೆದು ದಾರದ ಒಂದು ತುದಿ ಕೈಗೆ ಕೊಟ್ಟರು. ಎರಡೂ ಮನೆ ಅಳೆದೆವು. ಒಂದರ ಅಡುಗೆಮನೆ ಎರಡು ಬೆರಳು ಉದ್ದ. ಇನ್ನೊಂದರ ಕಿಟಕಿಗೆ ಗಾಳಿ ಜಾಸ್ತಿ. ಮಧ್ಯಾಹ್ನ ಒಂದ್ಸಲ, ಸಂಜೆ ಒಂದ್ಸಲ ಎರಡರ ಬಾಗಿಲಲ್ಲೂ ನಿಂತು ಬಿಸಿಲು ನೋಡಿದರು. ಮೂರು ದಿನ ಸ್ಟೋರಿನ ಜಗಲಿಯಲ್ಲಿ ಖಾಲಿ ಗೋಣಿಚೀಲ ಹಾಸಿಕೊಂಡು ಮಲಗಿದರು. ನಾಲ್ಕನೇ ದಿನ ಸಾಹುಕಾರರು ಬೇಜಾರಾಗಿ ಒಂದು ಮನೆಗೆ ಸೌದೆ ತುಂಬಿಸಿದರು. ಉಳಿದಿದ್ದರಲ್ಲಿ ರೈಟರು ಹಾಲು ಉಕ್ಕಿಸಿದರು. ಇವತ್ತಿಗೂ ಕೇಳಿ, ಸೌದೆ ಮನೆಯೇ ಚೆನ್ನಾಗಿತ್ತು ಅಂತಾರೆ.

ಅವರದು ಹುಟ್ಟುಗುಣ. ಲೋಕದಲ್ಲಿ ಇರೋ ಜನ ಎಲ್ಲಾ ಬೆಳಿಗ್ಗೆ ಎದ್ದು ಮುಖ ತೊಳೆಯೋದೇ ಜಯಕುಮಾರ್‌ಗೆ ಮೋಸ ಮಾಡೋಕೆ ಅಂತ ಅವರು ಪೂರ್ತಿ ನಂಬಿದ್ದಾರೆ. ಒಂದು ಕುಕ್ಕರ್ ತರೋಕೆ ಎಂಟು ತಿಂಗಳು ತಗೊಂಡರು. ಅಷ್ಟರಲ್ಲಿ ಮನೆಯಲ್ಲಿದ್ದ ಪಾತ್ರೆ ತಳ ಸುಟ್ಟು ತೂತಾಯ್ತು. ಹೆಣ್ಣು ನೋಡಿದ್ದಂತೂ ಹನ್ನೊಂದು ಕಡೆ. ಅವರ ಹೆಂಡತಿ ಚಂದ್ರಿಕಾ ಒಳ್ಳೆ ಹೆಂಗಸು, ಬಾಯಿ ಸ್ವಲ್ಪ ಚುರುಕು. ಒಂದ್ಸಲ ನನ್ನ ಮುಂದೆ ಅಂದಿದ್ದಳು: "ಹನ್ನೊಂದನೆಯವಳು ನಾನು ಕಣಕ್ಕ. ಹನ್ನೆರಡನೆಯವಳ ಊರಿಗೆ ಬಸ್ಸಿರಲಿಲ್ಲ, ಅದಕ್ಕೇ ನಂಗೆ ತಾಳಿ ಬಿತ್ತು."

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಕಾಫಿ ಕುಯ್ಲಿನ ಕಾಲದಲ್ಲಿ ನಾವು ಹೆಂಗಸರು ದಿನವೆಲ್ಲಾ ಹಣ್ಣು ಬಿಡಿಸಿ, ಸಂಜೆ ಚೀಲ ಹೊತ್ತು ಸ್ಟೋರಿನ ಮುಂದೆ ಸಾಲು ನಿಲ್ಲುತ್ತೇವೆ. ತೊಲೆಯಿಂದ ಇಳಿಬಿಟ್ಟ ಗಡಿಯಾರದಂಥ ತಕ್ಕಡಿಗೆ ಚೀಲ ತಗುಲಿಸಿ, ಮುಳ್ಳು ತೋರಿಸಿದ ಕಿಲೊ ರೈಟರು ಬರೆದುಕೊಳ್ಳುತ್ತಾರೆ. ಬಂದ ಮೊದಲ ವರ್ಷ "ಎಲೆ ಸೇರೈತೆ, ನೀರೈತೆ" ಅಂತ ಪ್ರತಿ ಚೀಲಕ್ಕೂ ಎರಡು ಕಿಲೊ ಕಿತ್ತುಕೊಳ್ಳುತ್ತಿದ್ದರು. ಪ್ರತಿ ಚೀಲಕ್ಕೂ ಜಗಳ. ಎರಡನೇ ವರ್ಷ ಜಗಳವೇ ನಿಂತುಹೋಯ್ತು. ನಾನು ಒಂದು ಮಧ್ಯಾಹ್ನ ಸೌದೆ ಹೊರೆ ಹೊತ್ತು ಸ್ಟೋರಿನ ಹಿಂದಿನಿಂದ ಬರುವಾಗ ನೋಡಿದೆ. ರೈಟರು ಸ್ಟೂಲ್ ಹತ್ತಿ, ತಕ್ಕಡಿಯ ನೆತ್ತಿಯ ತಿರುಪನ್ನ ತಿರುಗಿಸುತ್ತಿದ್ದರು. ಮುಳ್ಳು ಸೊನ್ನೆಗಿಂತ ಎರಡು ಗೆರೆ, ಅಂದರೆ ಎರಡು ಕಿಲೊ, ಹಿಂದೆ ನಿಂತಿತು. ಆ ವರ್ಷ ಆಯುಧಪೂಜೆಗೆ ಸೊನ್ನೆ ಇರೋ ಜಾಗಕ್ಕೇ ಅರಿಶಿನ ಕುಂಕುಮ ದಪ್ಪಗೆ ಮೆತ್ತಿದರು. ಅಲ್ಲಿಂದ ಪ್ರತಿ ವರ್ಷ ಮೆತ್ತುತ್ತಲೇ ಬಂದರು. ಅಷ್ಟು ಭಕ್ತಿ ಅವರು ಯಾವ ದೇವರಿಗೂ ತೋರಿಸಿದ್ದು ನಾನು ಕಂಡಿಲ್ಲ.

ನಾನು ಬಾಯಿ ಬಿಡಲಿಲ್ಲ. ನಮ್ಮನೆಯವರು ತೀರಿಕೊಂಡು ಆಗ ಒಂಬತ್ತು ತಿಂಗಳು. ಬಾಯಿ ಬಿಟ್ಟಿದ್ದರೆ ಎಸ್ಟೇಟಿನ ಆಳುಗಳಿಗೆ ಕೊಡೋ ಲೈನ್ ಮನೆ ಬಿಡಬೇಕಿತ್ತು. ಹೆಂಗಸರಿಗೆಲ್ಲಾ ಅನುಮಾನ ಇತ್ತು, ಆದರೆ ತಿರುಪು ತಿರುಗಿಸಿದ್ದನ್ನ ಕಣ್ಣಲ್ಲಿ ಕಂಡವಳು ನಾನೊಬ್ಬಳೇ. ಈಗ ನಾನು ಲೈನಲ್ಲಿಲ್ಲ. ಗೇಟಿನ ಪಕ್ಕ ಜನತಾ ಮನೆ ಸಿಕ್ಕಿದೆ, ಎರಡು ಹಸು ಇವೆ, ಡೈರಿಗೆ ಹಾಲು ಹಾಕುತ್ತೇನೆ. ಕುಯ್ಲಿಗೆ ಮಾತ್ರ ಹೋಗುತ್ತೇನೆ.

ಕಾರಿನ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಮಾರ್ಚಿನಲ್ಲಿ ರೈಟರು ಒಂದು ಹಳೆ ಬಿಳಿ ಕಾರು ತಂದರು. ಅವರ ಒಬ್ಬಳೇ ಮಗಳು ಶೃತಿಯನ್ನ ಕೆ. ಹೊಸಕೋಟೆಗೆ ಕೊಟ್ಟಿದ್ದಾರೆ. ಆಗ ಅವಳು ಚೊಚ್ಚಲ ಬಸುರಿ, ಅಕ್ಟೋಬರಿಗೆ ಹೆರಿಗೆ. ಬಾಣಂತನ ತವರಲ್ಲಿ. ನಮ್ಮ ಮನೆಗಳಿಂದ ಹಾನುಬಾಳು ನಾಲ್ಕು ಮೈಲಿ. ನಡುವೆ ಆನೆ. ಫಾರೆಸ್ಟಿನವರ ಮೆಸೇಜು ದಿನಾ ಬರುತ್ತೆ, ಇಂಥಾ ಕಡೆ ಇಷ್ಟು ಆನೆ ಇವೆ ಅಂತ. ಆ ಮೆಸೇಜು ಬಂದ ಬೆಳಿಗ್ಗೆ ಬಾಡಿಗೆ ಜೀಪಿನವರು ಮೇಲಕ್ಕೆ ಬರೋದಿಲ್ಲ, ಅವರಿಗೂ ಹೆಂಡ್ತಿ ಮಕ್ಕಳಿದ್ದಾರೆ. ಅದರ ಹಿಂದಿನ ವರ್ಷ ಒಬ್ಬಳಿಗೆ ಜೀಪು ಬರೋದ್ರೊಳಗೆ ದಾರಿಯಲ್ಲೇ ಹೆರಿಗೆ ಆಗಿ, ತಾಯಿ ಉಳಿದಿದ್ದೇ ಹೆಚ್ಚು. ಹಾಗಾಗಿ ಬಾಗಿಲಲ್ಲಿ ಒಂದು ಕಾರು ಇರಲೇಬೇಕು. ಇಷ್ಟರ ಮಟ್ಟಿಗೆ ರೈಟರದು ಸರಿಯಾದ ಯೋಚನೆಯೇ.

ಮೇ ತಿಂಗಳಲ್ಲಿ ಹಾನುಬಾಳಿನ ಮೆಕ್ಯಾನಿಕ್ ಮಂಜುನಾಥ್ ಪಂಕ್ಚರ್ ಹಾಕಿ ಚಕ್ರ ಕೂರಿಸುವಾಗ, ಸ್ಪ್ಯಾನರ್ ಮೇಲೆ ಕಾಲಿಟ್ಟು ಹತ್ತಿ ನಿಂತ. ಬೋಲ್ಟು ಮುರೀತು. ಅವನೇ ಹೊಸ ಬೋಲ್ಟು ಹಾಕಿಕೊಟ್ಟ, ಕಾಸೂ ಕೇಳಲಿಲ್ಲ. ಅಷ್ಟು ಸಾಕಾಯ್ತು. ಇನ್ನು ಮೇಲೆ ನನ್ನ ಕಾರಿಗೆ ನಾನೇ ಮೆಕ್ಯಾನಿಕ್ ಅಂತ ರೈಟರು ಪಣ ತೊಟ್ಟರು. ಫೋನಲ್ಲಿ ವಿಡಿಯೊ ನೋಡಿ ನೋಡಿ ಜೂನಲ್ಲಿ ನಾಲ್ಕೂ ಚಕ್ರ ಬಿಚ್ಚಿ, ಬ್ರೇಕಿನ ಸಾಮಾನು ಬದಲಾಯಿಸಿದರು. ಅದೂ ಸರಿಯಾಗೇ ಆಯ್ತು ಅಂತ ಮಂಜುನಾಥನೇ ಒಪ್ಪಿದ. ಕಾರು ಸಿಲ್ವರ್ ಓಕ್ ದಿಮ್ಮಿಗಳ ಮೇಲೆ ಕೂತಿತ್ತು. ಚಕ್ರ ವಾಪಸ್ ಹಾಕೋದೊಂದು ಬಾಕಿ. ಆವಾಗ ಯಾವನೋ ವಿಡಿಯೊದವನು ಹೇಳಿದನಂತೆ, ಚಕ್ರದ ನಟ್ಟು ಕೈ ಅಂದಾಜಲ್ಲಿ ಬಿಗಿ ಮಾಡಬಾರದು, ಟಾರ್ಕ್ ವ್ರೆಂಚ್ ಬೇಕು ಅಂತ.

ಆ ಸಾಮಾನು ನಾನೂ ಕೈಯಲ್ಲಿ ಹಿಡಿದಿದ್ದೇನೆ. ಮಾಮೂಲಿ ಸ್ಪ್ಯಾನರ್ ಎಷ್ಟು ಒತ್ತಿದರೂ ಮಾತಾಡಲ್ಲ. ಇದರ ಹಿಡಿಯ ಬುಡದಲ್ಲಿ ನಂಬರ್ ಇರುತ್ತೆ. ಬೇಕಾದ ನಂಬರಿಗೆ ತಿರುಗಿಸಿ ಇಟ್ಟರೆ, ನಟ್ಟು ಅಷ್ಟು ಬಿಗಿಯಾದ ಕೂಡಲೇ ಟಕ್ ಅನ್ನುತ್ತೆ. ಸಾಕು, ಕೈ ತೆಗಿ ಅಂತ.

ನನ್ನ ಜೊತೆ ಕುಯ್ಲಿಗೆ ಬರೋ ಚೌಡಮ್ಮನಿಗೆ ಇದನ್ನ ವಿವರಿಸಿದಾಗ ಅವಳು ಎಲೆಅಡಿಕೆ ಉಗಿದು ಹೇಳಿದಳು: "ಸಾಕು ಅನ್ನೋ ಸಾಮಾನಾ? ಇದು ರೈಟರ ಮನೇಗೆ ಎಂದೋ ಬರಬೇಕಿತ್ತು ಬುಡು."

ಬರೋದು ಅಂದರೆ ಸುಮ್ಮನೆ ಬರುತ್ತಾ? ಕಡಿಮೆ ಬೆಲೆಯದು ಬೇಕು, ಆದರೆ ಕಡಿಮೆಯದು ಆಗಿರಬಾರದು. ಎರಡು ಸಾವಿರ ದಾಟಬಾರದು. ಮುಳ್ಳಿನದು ಅಗ್ಗ, ಆದರೆ ಬಗ್ಗಿ ನೋಡಬೇಕು, ಅವರಿಗೆ ಸೊಂಟ ನೋವು. ಡಿಜಿಟಲ್ ಚೆನ್ನಾಗಿದೆ, ಆದರೆ ನಮ್ಮ ಥಂಡಿಗೆ ಸೆಲ್ಲು ಕೆಡುತ್ತೆ. ಟಕ್ ಅನ್ನೋದು ಸರಿ, ಆದರೆ ಯಾವ ಟಕ್? ಜೂನ್ ಹೋಯ್ತು, ಜುಲೈ ಹೋಯ್ತು. ಮಳೆ ಸುರಿಯುವಾಗ ನಮ್ಮಲ್ಲಿ ಸಿಗ್ನಲ್ ಸಿಗೋದು ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಶೆಡ್ಡಿನ ಮೂಲೆಯಲ್ಲಿ ಮಾತ್ರ. ಅಲ್ಲಿ ಕಂಬಳಿ ಹೊದ್ದು ನಿಂತು, ಕೊಂಡವರು ಬರೆದ ಒಳ್ಳೆಯದು ಕೆಟ್ಟದ್ದನ್ನ ಒಂದೊಂದಾಗಿ ಓದುತ್ತಿದ್ದರು. ಒಬ್ಬ ಚೆನ್ನಾಗಿದೆ ಅಂದರೆ ಅವನು ಅಂಗಡಿಯವನ ಕಡೆಯವನು. ಇನ್ನೊಬ್ಬ ಚೆನ್ನಾಗಿಲ್ಲ ಅಂದರೆ ಅವನು ಎದುರು ಅಂಗಡಿಯವನ ಕಡೆಯವನು.

ಮಂಜುನಾಥ್ ಎರಡು ಸಲ ಹೇಳಿ ಕಳಿಸಿದ. "ಹತ್ತು ನಿಮಿಷದ ಕೆಲಸ ಮಾರಾಯ್ರೆ, ನಾನೇ ಬಂದು ಹಾಕಿ ಹೋಗ್ತೀನಿ, ಕಾಲಿಡಲ್ಲ ಅಂತ ಆಣೆ ಮಾಡ್ತೀನಿ" ಅಂತ. ರೈಟರು ಬೇಡ ಅಂದರು.

ಆಗಸ್ಟ್ ಕೊನೆಗೆ ಮೊದಲನೇದು ತರಿಸಿದರು. ಕೊರಿಯರಿನವರು ಹಾನುಬಾಳು ದಾಟಿ ಬರಲ್ಲ, ಮೆಡಿಕಲ್ ಅಂಗಡಿಯಲ್ಲಿ ಇಟ್ಟು ಫೋನ್ ಮಾಡುತ್ತಾರೆ. ಕಾರಿನ ಸಾಮಾನು ತರೋಕೆ ರೈಟರು ನಾಲ್ಕು ಮೈಲಿ ನಡೆದು ಹೋಗಿ ನಾಲ್ಕು ಮೈಲಿ ನಡೆದು ಬಂದರು. ಬಂದವರೇ ನನ್ನ ಮನೆ ಮುಂದೆ ನಿಂತು ಕರೆದರು.

"ಗಂಗಾಮಣಕ್ಕ, ಇದು ಸರಿ ಐತೋ ಇಲ್ವೋ ಪರೀಕ್ಷೆ ಮಾಡಬೇಕು. ನಿನ್ನ ಕೈ ನಿಧಾನ, ನೀನೇ ಬಾ. ಮಿಕ್ಕೋರು ನಗ್ತಾರೆ."

ನಾನು ನಗಲಿಲ್ಲ. ಹೋದೆ. ಪರೀಕ್ಷೆ ಹೀಗೆ. ವ್ರೆಂಚಿನ ತಲೆಯನ್ನ ಶೆಡ್ಡಿನ ವೈಸಿಗೆ, ಅಂದರೆ ಸಾಮಾನು ಬಿಗಿ ಹಿಡಿಯೋ ಕಬ್ಬಿಣದ ಇಕ್ಕಳಕ್ಕೆ, ಕಚ್ಚಿಸಿ, ಹಿಡಿ ನೆಲಕ್ಕೆ ಸಮವಾಗಿ ಅಡ್ಡ ಚಾಚಿರೋ ಹಾಗೆ ಇಡಬೇಕು. ನಂಬರ್ ಎಪ್ಪತ್ತೆಂಟಕ್ಕೆ ಇಡಬೇಕು. ತಲೆಯಿಂದ ಸರಿಯಾಗಿ ನಲವತ್ತು ಸೆಂಟಿಮೀಟರಿಗೆ ಚೀಲ ಇಳಿಬಿಟ್ಟು ಮರಳು ಹಾಕುತ್ತಾ ಹೋಗಬೇಕು. ಚೀಲ ಇಪ್ಪತ್ತು ಕಿಲೊ ಆದಾಗ ಟಕ್ ಅನ್ನಬೇಕು. ಮೊದಲೂ ಅಲ್ಲ, ಆಮೇಲೂ ಅಲ್ಲ. ನಾನು ಹಿಡಿ ಹಿಡಿ ಮರಳು ಹಾಕಿದೆ. ಟಕ್ ಅಂತು. ರೈಟರು ಚೀಲ ಬಿಚ್ಚಿ ಪಕ್ಕದ ಸ್ಟೋರಿಗೆ ಹೊತ್ತುಕೊಂಡು ಹೋಗಿ ತಕ್ಕಡಿಗೆ ತಗುಲಿಸಿದರು.

ಹದಿನೆಂಟು.

"ನೋಡ್ದಾ? ಎರಡು ಕಿಲೊ ಮೋಸ" ಅಂದರು. ಮುಖದಲ್ಲಿ ಏನು ಸಂತೋಷ. ಮೋಸ ಸಿಕ್ಕಿದಾಗ ಅವರಿಗೆ ಆಗೋ ಸಂತೋಷ ಮಗಳ ಮದುವೆ ದಿನವೂ ಆಗಿರಲಿಲ್ಲ. "ನೂರಕ್ಕೆ ನಾಲ್ಕು ಹೆಚ್ಚುಕಮ್ಮಿ ಆಗಬಹುದು ಅಂತ ಡಬ್ಬದ ಮೇಲೆ ಬರೆದವ್ರೆ. ಆ ನಾಲ್ಕೇ ಯಾಕೆ ಬುಡಬೇಕು? ನಾಲ್ಕು ಯಾರಪ್ಪನ ಮನೇದು? ಈ ನನ್ಮಕ್ಳು ನೂರಕ್ಕೆ ಹತ್ತು ಹೊಡೀತಾವ್ರೆ."

ಇಪ್ಪತ್ತಕ್ಕೆ ಎರಡು ಅಂದರೆ ನೂರಕ್ಕೆ ಹತ್ತು ಅಂತ ನನಗೂ ಗೊತ್ತು. ನನಗೆ ಇಪ್ಪತ್ತೇಳು ವರ್ಷದಿಂದ ಗೊತ್ತು. ನಾನು ಅವರ ಮುಖ ನೋಡಿದೆ, ನಾಟಕ ಆಡ್ತಿದ್ದಾರಾ ಅಂತ. ಇಲ್ಲ. ದಿನಾ ಆ ಮುಳ್ಳನ್ನೇ ನೋಡಿ ನೋಡಿ, ಅದು ತಾನೇ ತಿರುಗಿಸಿದ ಮುಳ್ಳು ಅನ್ನೋದು ಅವರಿಗೇ ಮರೆತುಹೋಗಿತ್ತು.

ಹೇಳಬಹುದಿತ್ತು. ಹೇಳಲಿಲ್ಲ. ಅವರು ಕೇಳಿದ್ದು ಮರಳು ಹಾಕು ಅಂತ, ನಾನು ಮರಳು ಹಾಕಿದೆ. ಸುಳ್ಳು ಯಾಕೆ, ಆ ಮರಳು ಹಾಕೋವಾಗ ನನಗೆ ಒಳಗೊಳಗೇ ತುಂಬಾ ಹಿತವಾಗಿತ್ತು.

ಮೊದಲನೇದು ವಾಪಸ್ ಹೋಯ್ತು. ಎರಡನೇದು ಬೇರೆ ಕಂಪನಿ, ಬಂದಿದ್ದು ಸೆಪ್ಟೆಂಬರ್ ಮಧ್ಯಕ್ಕೆ. ಮತ್ತೆ ನಡಿಗೆ, ಮತ್ತೆ ವೈಸು, ಮತ್ತೆ ಮರಳು. ಹದಿನೆಂಟು. ಅದೂ ವಾಪಸ್. ಅಷ್ಟರಲ್ಲಿ ಶೃತಿ ತವರಿಗೆ ಬಂದಳು. ಬಂದವಳು ಕಾರಿನ ಪಕ್ಕ ನಿಂತು, ದಿಮ್ಮಿ ಮೇಲೆ ಬೆಳೆದಿದ್ದ ಅಣಬೆ ನೋಡಿದಳು. "ಅಪ್ಪಾ, ಇದ್ರಲ್ಲಿ ನನ್ನ ಕರ್ಕೊಂಡ್ ಹೋಗ್ತೀರೋ, ಇಲ್ಲ ಇದನ್ನೇ ತೊಟ್ಟಿಲು ಮಾಡ್ತೀರೋ?" ಅಂತ ಕೇಳಿದಳು.

ಮೂರನೇದು ಅಕ್ಟೋಬರ್ ಮೊದಲ ವಾರ ಬಂತು. ಎರಡು ಸಾವಿರದ ಮುನ್ನೂರೈವತ್ತು, ಅವರ ಗೆರೆ ದಾಟಿದ ಬೆಲೆ. ಹದಿನೆಂಟಕ್ಕೇ ಟಕ್ ಅಂತು. ರೈಟರು ಶೆಡ್ಡಿನ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಮೂರೂ ಕಂಪನಿ ಒಂದಾಗ್ಬುಟ್ಟವೆ ಗಂಗಾಮಣಕ್ಕ. ಒಬ್ಬ ಒಂದು ಕಿಲೊ, ಇನ್ನೊಬ್ಬ ಮೂರು ಕಿಲೊ ಹೊಡೆದಿದ್ರೆ ಏನೋ ಅನ್ನಬಹುದಿತ್ತು. ಮೂರು ಜನಾನೂ ಲೆಕ್ಕ ಹಾಕ್ಕೊಂಡು ಎರಡೆರಡೇ ಹೊಡೆದವ್ರೆ."

ಅದನ್ನೂ ಪೆಟ್ಟಿಗೆಗೆ ಹಾಕಿ, ವಾಪಸ್ ಕಳಿಸೋ ಚೀಟಿ ಅಂಟಿಸಿ ಇಟ್ಟರು. ಗುರುವಾರದ ಒಳಗೆ ಕಳಿಸಬೇಕಿತ್ತು.

ಬುಧವಾರ ಬೆಳಿಗ್ಗೆ ನಾನು ಹಾಲು ಹಾಕಿ ಬರುವಾಗ ಚಂದ್ರಿಕಾ ನನ್ನ ಮನೆ ಜಗಲಿ ಮೇಲೆ ಕೂತಿದ್ದಳು. ಕೈಯಲ್ಲಿ ಫೋನು. ಹನ್ನೊಂದು ಆನೆ ಹಾನುಬಾಳು ದಾರಿ ಪಕ್ಕದ ತೋಟದಲ್ಲಿ ಬೀಡುಬಿಟ್ಟಿವೆ ಅಂತ ಮೆಸೇಜು. ಶೃತಿಗೆ ಡಾಕ್ಟರು ಹೇಳಿದ ದಿನಕ್ಕೆ ಇನ್ನು ಐದು ದಿನ.

"ನಂಗೆ ಕೈಕಾಲು ಆಡ್ತಿಲ್ಲ ಅಕ್ಕ" ಅಂದಳು. "ಮಂಜಣ್ಣನ್ನ ಕರೆಸ್ತೀನಿ ಅಂದ್ರೆ, ನಿನ್ ಮಗಳು ಹೋಗೋ ಕಾರಿಗೆ ಅಂದಾಜು ನಟ್ಟು ಹಾಕಿಸ್ತೀಯಾ, ಚಕ್ರ ಕಳಚಿದ್ರೆ ನೀನು ಹೊಣೇನಾ ಅಂತಾರೆ. ಈ ವ್ರೆಂಚು ಕಳ್ಳ, ಮುಂದಿನದು ಬರೋಕೆ ಹತ್ತು ದಿನ. ನಿನ್ ಮಾತು ಕೇಳ್ತಾರೆ, ಏನಾದ್ರೂ ಹೇಳು."

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಹೇಳಿ ಕಳಿಸುತ್ತಿದ್ದೆನೋ ಏನೋ. ಅಲ್ಲಿವರೆಗೆ ಮರಳಾಟ ನನಗೆ ರೈಟರದು ಅನ್ನಿಸಿತ್ತು. ಇವಳದು, ಮಗೂದು ಅಂತ ಅನ್ನಿಸಿರಲಿಲ್ಲ.

ನನ್ನ ಮನೆಯಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇದೆ. ಖಾಲಿ ಕ್ಯಾನು ಮುಕ್ಕಾಲು ಕಿಲೊ, ಡೈರಿ ತಕ್ಕಡಿಯಲ್ಲಿ ತೂಗಿಸಿದೆ. ಒಂದು ಲೀಟರ್ ನೀರು ಒಂದು ಕಿಲೊ, ಅದು ಸಾಹುಕಾರರ ನೀರಾದರೂ ಅಷ್ಟೆ, ಆಳಿನ ನೀರಾದರೂ ಅಷ್ಟೆ. ಹಾಲು ಅಳೆಯೋ ನನ್ನ ಲೀಟರ್ ಅಳತೆಯನ್ನೂ ತಗೊಂಡೆ. ಎರಡನ್ನೂ ಹಿಡಿದು ಶೆಡ್ಡಿಗೆ ಹೋದೆ. ಊಟದ ಹೊತ್ತು. ಕಳೆ ತೆಗೆಯೋ ಹೆಂಗಸರು ಚೌಡಮ್ಮನ ಸಮೇತ ಅಲ್ಲೇ ಬುತ್ತಿ ಬಿಚ್ಚಿದ್ದರು. ರೈಟರು ಪೆಟ್ಟಿಗೆಗೆ ದಾರ ಸುತ್ತುತ್ತಿದ್ದರು.

"ರೈಟ್ರೇ, ಕಳಿಸೋ ಮುಂಚೆ ಒಂದ್ಸಲ ನೀರಲ್ಲಿ ನೋಡಣ" ಅಂದೆ.

"ಮರಳಾದ್ರೇನು ನೀರಾದ್ರೇನು" ಅಂದರು. ಆದರೂ ಬಿಚ್ಚಿದರು. ಇನ್ನೊಂದು ಪರೀಕ್ಷೆ ಅಂದರೆ ಅವರಿಗೆ ತಡಕೊಳ್ಳೋಕೆ ಆಗಲ್ಲ.

ನಂಬರ್ ಎಪ್ಪತ್ತೆಂಟು. ನಲವತ್ತು ಸೆಂಟಿಮೀಟರಿಗೆ ಹಗ್ಗ ಹಾಕಿ ಖಾಲಿ ಕ್ಯಾನ್ ಇಳಿಬಿಟ್ಟೆ. ಅಳೆದು ಅಳೆದು ಹಾಕಿದೆ, ಪ್ರತಿ ಲೀಟರೂ ಜೋರಾಗಿ ಎಣಿಸಿದೆ. ಹದಿನೇಳು, ಕ್ಯಾನಿಂದು ಸೇರಿ ಹದಿನೇಳೂ ಮುಕ್ಕಾಲು. ಸುಮ್ಮನಿತ್ತು. ಹದಿನೆಂಟು. ಸುಮ್ಮನಿತ್ತು. ಹತ್ತೊಂಬತ್ತು. ರೈಟರ ಹುಬ್ಬು ಮೇಲೆ ಹೋಯ್ತು. ಉಳಿದ ಕಾಲು ಲೀಟರನ್ನ ಲೋಟದಿಂದ ಸಣ್ಣ ಧಾರೆ ಬಿಟ್ಟೆ. ಲೋಟ ಖಾಲಿಯಾಗೋದಕ್ಕೂ ಟಕ್ ಅನ್ನೋದಕ್ಕೂ ಸರಿಹೋಯ್ತು.

"ಇಪ್ಪತ್ತು" ಅಂದೆ.

ರೈಟರು ಕ್ಯಾನ್ ಬಿಚ್ಚಿ ಸ್ಟೋರಿಗೆ ನಡೆದರು. ನಾವೂ ಹಿಂದೆ ಹೋದೆವು, ಹೆಂಗಸರು ಬುತ್ತಿ ಕೈಯಲ್ಲೇ ಹಿಡಿದುಕೊಂಡು. ತಕ್ಕಡಿಗೆ ತಗುಲಿಸಿದರು. ಮುಳ್ಳು ತೂಗಾಡಿ ನಿಂತಿತು. ಹದಿನೆಂಟು.

ಚೌಡಮ್ಮ ಬಾಯಲ್ಲಿದ್ದ ತುತ್ತು ನುಂಗಿದ ಮೇಲೆ ಕೇಳಿದಳು: "ಶೆಡ್ಡಿಂದ ಇಲ್ಲಿಗೆ ಬರೋದ್ರೊಳಗೆ ಎರಡು ಕಿಲೊ ನೀರು ಒಣಗಿಹೋಯ್ತಾ ರೈಟ್ರೇ? ಇಲ್ಲ, ಇದ್ರಲ್ಲೂ ಎಲೆ ಸೇರಿತ್ತಾ?"

ರೈಟರು ತಕ್ಕಡಿ ನೆತ್ತಿಯ ತಿರುಪಿನ ಕಡೆ ಒಂದು ಗಳಿಗೆ ನೋಡಿದರು. ಅವರಿಗೆ ನೆನಪಾಗಿದ್ದು ಆವಾಗಲೇ. ಕಿವಿ ಕೆಂಪಾಯ್ತು.

"ನೀರಿನ ತೂಕ ಬೇರೆ, ಹಣ್ಣಿನ ತೂಕ ಬೇರೆ" ಅಂದರು. "ಇದು ಕಾಫಿಗೆ ಅಂತ್ಲೇ ಮಾಡಿರೋ ತಕ್ಕಡಿ. ನಿಮಗೆ ಅದೆಲ್ಲಾ ಗೊತ್ತಾಗಲ್ಲ."

ಚೌಡಮ್ಮ ಇನ್ನೇನೋ ಅನ್ನೋಕೆ ಬಾಯಿ ತೆಗೆದಳು. ಅಷ್ಟರಲ್ಲಿ ಚಂದ್ರಿಕಾ ಮುಂದೆ ಬಂದಳು. ಅವಳಿಗೂ ಅರ್ಥ ಆಗಿತ್ತು, ಅವಳೇನು ದಡ್ಡಿಯಲ್ಲ.

"ಹಣ್ಣು ನೀರು ಎಲ್ಲಾ ಆಮೇಲೆ ಮಾತಾಡಿ. ನಂಗೆ ಒಂದೇ ಹೇಳಿ. ವ್ರೆಂಚು ಸರಿ ಐತೋ, ತಕ್ಕಡಿ ಸರಿ ಐತೋ?"

ಎರಡರಲ್ಲಿ ಒಂದು. ಎರಡು ಮನೆ ಮುಂದೆ ಮೂರು ದಿನ ನಿಂತವರಿಗೆ ಅವತ್ತು ಮೂರು ನಿಮಿಷವೂ ಕೊಡಲಿಲ್ಲ ಅವಳು. ವ್ರೆಂಚು ಕಳ್ಳ ಅಂದರೆ ತಕ್ಕಡಿ ಉಳಿಯುತ್ತೆ, ಮಗಳು ದಿಮ್ಮಿ ಮೇಲಿನ ಕಾರು ನೋಡ್ತಾ ಕೂರಬೇಕು. ವ್ರೆಂಚು ಸರಿ ಅಂದರೆ ಏಳು ಜನ ಹೆಂಗಸರು ಕೇಳಿಸಿಕೊಳ್ಳುತ್ತಾರೆ. ರೈಟರು ನಮ್ಮ ಕಡೆ ನೋಡಿದರು, ಮನೆ ಕಡೆ ನೋಡಿದರು. ಶೃತಿ ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ವ್ರೆಂಚು ಇಟ್ಕೊಳ್ಳಣ" ಅಂದರು. ಸರಿ ಐತೆ ಅಂತ ಅನ್ನಲಿಲ್ಲ. ಆ ಮಾತಿಗೆ ಅವರ ಗಂಟಲಲ್ಲಿ ದಾರಿ ಇರಲಿಲ್ಲ.

ಅವತ್ತೇ ಮಧ್ಯಾಹ್ನ ಚಕ್ರ ಹಾಕಿದರು. ಚಕ್ರಕ್ಕೆ ನಾಲ್ಕರಂತೆ ಹದಿನಾರು ನಟ್ಟು. ಕಾರಿನ ಪುಸ್ತಕದಲ್ಲಿ ಎಂಬತ್ತೈದು ಅಂತ ಇತ್ತು, ಎಂಬತ್ತೈದಕ್ಕೆ ಇಟ್ಟರು. ಒಂದಾದ ಮೇಲೆ ಎದುರಿನದು, ಅದಾದ ಮೇಲೆ ಪಕ್ಕದ್ದು. ಹದಿನಾರು ಸಲ ಟಕ್ ಅಂತು. ಚೌಡಮ್ಮ ಬೇಲಿ ಆಚೆ ಕಳೆ ಕೀಳುತ್ತಾ ಪ್ರತಿ ಟಕ್ಕಿಗೂ "ಎರಡು ಕಿಲೊ" "ಎರಡು ಕಿಲೊ" ಅಂತ ಎಣಿಸುತ್ತಿದ್ದಳು. ರೈಟರು ಕೇಳಿಸದವರ ಹಾಗೆ ಇದ್ದರು. ಕೆಲಸ ಮುಗಿದ ಮೇಲೆ ಸ್ಪ್ರಿಂಗ್ ಸೋಲಬಾರದು ಅಂತ ನಂಬರನ್ನ ಕೆಳಗಿಳಿಸಿ, ಬಟ್ಟೆ ಸುತ್ತಿ ಒಳಗಿಟ್ಟರು. ಆ ಜೋಪಾನ ಮಾತ್ರ ಒಪ್ಪಬೇಕಾದ್ದೇ.

ಶನಿವಾರ ಬೆಳಿಗ್ಗೆ ಆರೂಕಾಲಿಗೆ ಶೃತಿಗೆ ನೋವು ಬಂತು. ಆನೆ ಇನ್ನೂ ಅಲ್ಲೇ ಇದ್ದವು, ಜೀಪಿನವರು ಫೋನೇ ಎತ್ತಲಿಲ್ಲ. ರೈಟರೇ ಕಾರು ಓಡಿಸಿದರು, ತೋಟದ ಮೇಲಿನ ದಾರಿ ಸುತ್ತಿಕೊಂಡು. ಹಿಂದಿನ ಸೀಟಿನಲ್ಲಿ ಶೃತಿಯ ಆ ಕಡೆ ಚಂದ್ರಿಕಾ, ಈ ಕಡೆ ನಾನು. ಸಕಲೇಶಪುರದ ಆಸ್ಪತ್ರೆ ಬಾಗಿಲಿಗೆ ಏಳೂ ಮುಕ್ಕಾಲಿಗೆ ತಲುಪಿದೆವು. ಹತ್ತು ಗಂಟೆಗೆ ಹೆಣ್ಣು ಮಗು. ನರ್ಸಮ್ಮ ಬಂದು ಎರಡು ಕಿಲೊ ಎಂಟುನೂರು ಗ್ರಾಂ ಅಂದಳು. ರೈಟರು "ತಕ್ಕಡಿ ಸರಿ ಐತಾ ಸಿಸ್ಟರ್?" ಅಂತ ಕೇಳಿದರು. ಚಂದ್ರಿಕಾ ಅವರನ್ನ ನೋಡಿದ ನೋಟಕ್ಕೆ ಹಸಿ ಸೌದೆ ಹೊತ್ತಿಕೊಳ್ಳಬೇಕಿತ್ತು.

ಅದಾದ ಮೇಲೆ ರೈಟರು ನನ್ನ ಕಡೆ ಬರೋದು ಬಿಟ್ಟರು. ಎದುರು ಸಿಕ್ಕಿದರೆ ಕೊಡೆ ಆ ಕಡೆಗೆ ವಾಲಿಸಿಕೊಂಡು ಹೋಗುತ್ತಿದ್ದರು. ಬಂದಿದ್ದು ಒಂದೇ ಸಲ, ನವೆಂಬರಿನಲ್ಲಿ, ಕುಯ್ಲು ಶುರುವಾಗೋಕೆ ಎರಡು ದಿನ ಇರುವಾಗ. ನಾನು ಹಾಲು ಕರೆಯುತ್ತಿದ್ದೆ. ಕೊಟ್ಟಿಗೆ ಬಾಗಿಲಲ್ಲಿ ನಿಂತು ಹಸುವಿನ ಕೊಂಬು ನೋಡುತ್ತಾ, ಈ ವರ್ಷ ಹಣ್ಣು ಚೆನ್ನಾಗಿದೆ ಅಂದರು, ಮಗು ಮುಖ ನೋಡಿ ನಗುತ್ತೆ ಅಂದರು. ನಾನು ಕೆಚ್ಚಲಿಂದ ಕೈ ತೆಗೆಯಲಿಲ್ಲ. ಕೊನೆಗೆ ಆ ನೀರಿನ ಕ್ಯಾನೂ ಲೀಟರ್ ಅಳತೆಯೂ ಒಂದು ದಿನದ ಮಟ್ಟಿಗೆ ಬೇಕಿತ್ತು, ಸ್ಟೋರಿಗೆ, ಅಂದರು. ಯಾಕೆ ಅಂತ ನಾನು ಕೇಳಲಿಲ್ಲ, ಮೂಲೆಯಲ್ಲಿದೆ ತಗೊಳ್ಳಿ ಅಂದೆ. ಎರಡನ್ನೂ ಕೈಗೆ ತಗೊಂಡು ಗೇಟಿನವರೆಗೆ ಹೋದರು. ಚೌಡಮ್ಮ ದಾರಿಯಲ್ಲಿ ಬರ್ತಿರೋದು ಕಂಡಿತೇನೋ, ತಿರುಗಿ ಕೊಟ್ಟಿಗೆಗೆ ಬಂದರು. ನನ್ನನ್ನ ಅವರು ಏನಾದರೂ ಕೇಳಿದ್ದು ಅಂದರೆ ಅದೇ ಕೊನೆ.

"ಗಂಗಾಮಣಕ್ಕ, ಯಾರಾದ್ರೂ ಕೇಳಿದ್ರೆ ಕಾರಿಗೆ ತಗೊಂಡೋದ್ರು ಅಂತ ಹೇಳ್ತೀಯಲ್ಲ?"